ಮೈಸೂರ್ ಸ್ಯಾಂಡಲ್ ಸೋಪು: ಮಾರುವವಳ ಮಾತು

ತಿಪಟೂರಿನಲ್ಲಿ ನಮ್ಮದೊಂದು ಪ್ರಾವಿಷನ್ ಸ್ಟೋರ್ ಇದೆ. ಗಲ್ಲಾದಲ್ಲಿ ಕೂತರೆ ಸೋಪಿನ ರ‍್ಯಾಕು ನೇರ ಎದುರಿಗೆ. ಯಾವ ಸೋಪನ್ನು ಹೆಸರು ಹಿಡಿದು ಕೇಳುತ್ತಾರೆ, ಯಾವುದು ಸ್ಕೀಮ್ ಇದ್ದಾಗ ಮಾತ್ರ ಹೋಗುತ್ತದೆ, ಯಾವುದು ಧೂಳು ಹಿಡಿದು ಕೂರುತ್ತದೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಮೈಸೂರ್ ಸ್ಯಾಂಡಲ್ ಮೊದಲನೇ ಸಾಲಿನದು. ಮಾರುವುದೂ ಅದನ್ನೇ, ಮನೆಯಲ್ಲಿ ಹಚ್ಚುವುದೂ ಅದನ್ನೇ.

ಮೊದಲು ಸೋಪಿನ ವಿಷಯ ಹೇಳಿಬಿಡುತ್ತೇನೆ. ಡಬ್ಬಿ ತೆರೆಯುವ ಮೊದಲೇ ಗಂಧದ ವಾಸನೆ ಬರುತ್ತದೆ. ಅದಕ್ಕೇ ನಮ್ಮಲ್ಲಿ ಈ ಕಾರ್ಟನ್‌ಗಳನ್ನು ಟೀ ಪುಡಿ, ಅಕ್ಕಿ, ರವೆ ಇರುವ ಕಡೆ ಇಡುವುದೇ ಇಲ್ಲ. ಪಕ್ಕದಲ್ಲಿಟ್ಟರೆ ಟೀ ಕುಡಿದಾಗ ಗೊತ್ತಾಗುತ್ತದೆ. ಸೋಪು ಮೊಟ್ಟೆಯಾಕಾರ, ಅಂಗೈಯಲ್ಲಿ ಸರಿಯಾಗಿ ಕೂರುತ್ತದೆ, ಮೂಲೆಗಳು ಚುಚ್ಚುವುದಿಲ್ಲ. ಮೇಲೆ ಶರಭದ ಅಚ್ಚು ಇರುತ್ತದೆ, ಆನೆಯ ತಲೆ, ಸಿಂಹದ ಮೈ. ನೊರೆ ಒಂದೇ ಸಲ ಭುಸ್ಸನೆ ಬರುವುದಿಲ್ಲ, ನಯವಾಗಿ ಬರುತ್ತದೆ. ಸ್ನಾನ ಆದಮೇಲೆ ಮೈ ಬಿಗಿದ ಹಾಗೆ ಆಗುವುದಿಲ್ಲ. ನಮ್ಮ ಕಡೆ ನೀರು ಸ್ವಲ್ಪ ಗಡಸು, ಆದರೂ ತೊಳೆದರೆ ಪೂರ್ತಿ ಹೋಗುತ್ತದೆ.

ಗಿರಾಕಿಗಳು ಸಾಮಾನ್ಯವಾಗಿ ಡಬ್ಬಿಯ ಹಿಂದೆ ಓದುವುದಿಲ್ಲ. ಒಂದು ಸಲ ಓದಿ ನೋಡಿ. ಗ್ರೇಡ್ 1 ಅಂತ ಇರುತ್ತದೆ. ಟಿಎಫ್‌ಎಂ, ಅಂದರೆ ಸೋಪಿನಲ್ಲಿರುವ ಕೊಬ್ಬಿನಂಶ, ನೂರಕ್ಕೆ 76ಕ್ಕಿಂತ ಕಡಿಮೆ ಇದ್ದರೆ ಆ ಗ್ರೇಡ್ ಸಿಗುವುದಿಲ್ಲ. ಇದರಲ್ಲಿ 80 ಇದೆ. ಕಡಿಮೆ ಬೆಲೆಗೆ ಬರುವ ಎಷ್ಟೋ ಸೋಪುಗಳ ಮೇಲೆ ಚಿಕ್ಕ ಅಕ್ಷರದಲ್ಲಿ ‘ಬಾತಿಂಗ್ ಬಾರ್’ ಅಂತ ಬರೆದಿರುತ್ತದೆ. ಅವುಗಳಲ್ಲಿ ಈ ಅಂಶ ತುಂಬಾ ಕಡಿಮೆ. ಬೆಲೆ ಜಾಸ್ತಿ ಆಯ್ತು ಅನ್ನುವವರಿಗೆ ನಾನು ಎರಡೂ ಡಬ್ಬಿ ತಿರುಗಿಸಿ ತೋರಿಸುತ್ತೇನೆ. ಆಮೇಲೆ ಅವರಿಷ್ಟ.

ಅಂಗಡಿ ನಡೆಸುವವಳಾಗಿ ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಒಂದಿದೆ. ಕೆಲವು ಕಂಪನಿಗಳು ಬೆಲೆ ಅದೇ ಇಟ್ಟು ತೂಕ ಇಳಿಸುತ್ತವೆ. ಹೊಸ ಬಣ್ಣ, ಹೊಸ ವಾಸನೆ, ‘ಹೊಸತು’ ಅನ್ನುವ ಚೀಟಿ ಅಂಟಿಸುತ್ತವೆ. ಆರು ತಿಂಗಳಾದ ಮೇಲೆ ಆ ಮಾಲು ಕೇಳುವವರೇ ಇರುವುದಿಲ್ಲ, ಉಳಿದದ್ದು ನಮ್ಮ ತಲೆಗೆ ಬರುತ್ತದೆ. ಮೈಸೂರ್ ಸ್ಯಾಂಡಲ್ ಹಾಗಲ್ಲ. ಅಜ್ಜಿ ಕೇಳಿದ ಸೋಪನ್ನೇ ಮೊಮ್ಮಗಳೂ ಕೇಳುತ್ತಾಳೆ. ಮದುವೆ, ಗೃಹಪ್ರವೇಶಕ್ಕೆ ಮೂರು ಸೋಪಿನ ಡಬ್ಬಿ ಒಯ್ಯುತ್ತಾರೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಕ್ಕಳು ವಾಪಸ್ ಹೋಗುವಾಗ ಚೀಲದಲ್ಲಿ ತುಂಬಿಕೊಳ್ಳುತ್ತಾರೆ. ಇದು ಜಾಹೀರಾತಿನಿಂದ ಬಂದ ವ್ಯಾಪಾರ ಅಲ್ಲ, ನಂಬಿಕೆಯಿಂದ ಬಂದದ್ದು.

ಹಾಗಂತ ಈ ಸೋಪಿನವರು ಜಾಹೀರಾತು ಮಾಡಿಲ್ಲ ಅಂತಲ್ಲ. ಮೊದಲನೇ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಕೊರಡುಗಳು ಯುರೋಪಿಗೆ ಹೋಗುವುದು ನಿಂತು ಇಲ್ಲೇ ರಾಶಿ ಬಿದ್ದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ ಎಣ್ಣೆಯನ್ನು ಇಲ್ಲೇ ತೆಗೆಯೋಣ ಅಂತ ತೀರ್ಮಾನ ಮಾಡಿದರು. 1916ರಲ್ಲಿ ಕೆಲಸ ಶುರುವಾಯಿತು. ಎಸ್.ಜಿ. ಶಾಸ್ತ್ರಿಯವರನ್ನು ಸೋಪು ಮಾಡುವುದು ಕಲಿತು ಬರಲಿ ಅಂತ ಇಂಗ್ಲೆಂಡಿಗೆ ಕಳಿಸಿದರು. ಜನ ಅವರನ್ನು ‘ಸೋಪು ಶಾಸ್ತ್ರಿ’ ಅಂತಲೇ ಕರೆದರು. ಸೋಪು ತಯಾರಾದ ಮೇಲೆ ಅದನ್ನು ಒಡವೆಯ ಪೆಟ್ಟಿಗೆಯ ಹಾಗೆ ಕಾಣುವ ಡಬ್ಬಿಯಲ್ಲಿಟ್ಟು, ಬೆಂಕಿಪೊಟ್ಟಣದ ಮೇಲೂ ಪ್ರಚಾರ ಮಾಡಿದರು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದರು! ಎಷ್ಟು ಧೈರ್ಯ ಇರಬೇಕು ನೋಡಿ. ಆದರೆ ಮೊದಲು ಮಾಲು ಸರಿಮಾಡಿಕೊಂಡರು, ಮೆರವಣಿಗೆ ಆಮೇಲೆ.

ನಡುವೆ ಕೆಟ್ಟ ಕಾಲವೂ ಬಂತು. 1980ರಲ್ಲಿ ಇದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಅನ್ನುವ ರಾಜ್ಯ ಸರ್ಕಾರದ ಕಂಪನಿ ಆಯಿತು. ಆಮೇಲೆ ನಷ್ಟ ಬೆಳೆದು 1992ರಲ್ಲಿ ರೋಗಗ್ರಸ್ತ ಕಂಪನಿಗಳನ್ನು ನೋಡಿಕೊಳ್ಳುವ ಬಿಐಎಫ್‌ಆರ್ ಮುಂದೆ ಹೋಗಬೇಕಾಯಿತು. ಹಳೆಯ ನಷ್ಟವೆಲ್ಲ ತೀರಿದ್ದು 2003ರ ಹೊತ್ತಿಗೆ. ಅಷ್ಟೆಲ್ಲ ಆದರೂ ಗಂಧದ ಎಣ್ಣೆ ಬಿಟ್ಟು ಬರೀ ಸೆಂಟ್ ಹಾಕಿ ಸೋಪು ಮಾಡಲಿಲ್ಲ. ಉಳಿದುಕೊಂಡದ್ದು ಅದರಿಂದಲೇ ಅಂತ ನನ್ನ ಗಟ್ಟಿ ನಂಬಿಕೆ. 2006ರಲ್ಲಿ ಜಿಐ, ಅಂದರೆ ಇದು ಈ ನಾಡಿನದೇ ಮಾಲು ಅನ್ನುವ ಮಾನ್ಯತೆ ಸಿಕ್ಕಿತು. 2023-24ರಲ್ಲಿ ವಹಿವಾಟು 1,500 ಕೋಟಿ ರೂಪಾಯಿ ದಾಟಿತು.

ಹೆಸರು ದೊಡ್ಡದಾದರೆ ನಕಲಿಯೂ ಬರುತ್ತದೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರ್ ಸ್ಯಾಂಡಲ್ ಸೋಪಿನ ಜಾಲ ಸಿಕ್ಕಿಬಿತ್ತು, ಸುಮಾರು 2 ಕೋಟಿ ರೂಪಾಯಿಯ ಮಾಲು. ನಮ್ಮ ಅಂಗಡಿಗೂ ಒಮ್ಮೆ ಒಬ್ಬ ವ್ಯಾನಿನಲ್ಲಿ ಬಂದು, ‘ಮೇಡಂ, ಡೀಲರ್ ರೇಟಿಗಿಂತ ಕಮ್ಮಿ, ಬಿಲ್ ಮಾತ್ರ ಇಲ್ಲ’ ಅಂದ. ಡಬ್ಬಿ ನೋಡಲು ಹಾಗೇ ಇತ್ತು. ಸೋಪು ತೆಗೆದು ನೋಡಿದೆ. ಶರಭದ ಅಚ್ಚು ಮಸುಕು, ಸೊಂಡಿಲು ಎಲ್ಲಿ ಮುಗಿಯಿತು ಅಂತಲೇ ಕಾಣುತ್ತಿರಲಿಲ್ಲ. ಮೂಗಿಗೆ ಹಿಡಿದರೆ ಮೊದಲು ಘಾಟು, ಆಮೇಲೆ ಏನೂ ಇಲ್ಲ. ತಗೊಳ್ಳಲಿಲ್ಲ. ಒಂದು ಡಬ್ಬಿಗೆ ನಾಲ್ಕು ರೂಪಾಯಿ ಉಳಿಸಲು ಹೋಗಿ, ಇಷ್ಟು ವರ್ಷದ ಗಿರಾಕಿಯನ್ನು ಕಳೆದುಕೊಳ್ಳಬೇಕಾ?

ಇನ್ನು ನನಗೆ ನಿಜವಾಗಿ ಚಿಂತೆ ಇರುವ ವಿಷಯಕ್ಕೆ ಬರುತ್ತೇನೆ. 2025ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿದಾಗ ಕನ್ನಡದವರು ಯಾಕಲ್ಲ ಅಂತ ದೊಡ್ಡ ಗಲಾಟೆ ಆಯಿತು. ಬೇರೆ ರಾಜ್ಯಗಳಲ್ಲಿ ಮಾರಬೇಕಾದರೆ ಅಲ್ಲಿಯವರಿಗೆ ಗೊತ್ತಿರುವ ಮುಖ ಬೇಕು, ಅದು ವ್ಯಾಪಾರ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸೋಪು ಎರಡು ಪಟ್ಟು ಮಾರಿದರೆ ಎಣ್ಣೆಯೂ ಎರಡು ಪಟ್ಟು ಬೇಕಲ್ವಾ? ಆ ಗಲಾಟೆಯಲ್ಲಿ ಮರದ ಮಾತು ಆಡಿದವರು ನನ್ನ ಕಿವಿಗೆ ಬೀಳಲಿಲ್ಲ.

ಶ್ರೀಗಂಧ ಬೇರೆ ಗಿಡಗಳ ಬೇರಿನಿಂದ ಆಹಾರ ಎಳೆದುಕೊಂಡು ಬೆಳೆಯುವ ಮರ. ಸಸಿ ನೆಟ್ಟರೆ ಪಕ್ಕದಲ್ಲಿ ತೊಗರಿಯನ್ನೋ ಇನ್ನೊಂದನ್ನೋ ಹಾಕಲೇಬೇಕು. ಎಣ್ಣೆ ಇರುವುದು ಒಳಗಿನ ಚೇಗಿನಲ್ಲಿ, ಅದು ಬಲಿಯಲು ಹದಿನೈದು ಇಪ್ಪತ್ತು ವರ್ಷ ಬೇಕು. ಟಿಪ್ಪುವಿನ ಕಾಲದಿಂದ ಗಂಧ ಅರಸರ ಮರ, ಆಮೇಲೆ ಸರ್ಕಾರದ ಮರ. ತನ್ನ ಹೊಲದಲ್ಲಿ ಬೆಳೆದದ್ದು ತನ್ನದೇ ಅಂತ ರೈತನಿಗೆ ಕಾನೂನಿನಲ್ಲಿ ಸಿಕ್ಕಿದ್ದು 2001ರ ತಿದ್ದುಪಡಿಯಲ್ಲಿ. ಅಷ್ಟೊತ್ತಿಗೆ ಕಾಡಿನ ಗಂಧವನ್ನು ಕಳ್ಳರು ಮತ್ತು ಮರವನ್ನೇ ಒಣಗಿಸುವ ಸ್ಪೈಕ್ ರೋಗ ಸೇರಿ ಬಹುತೇಕ ಖಾಲಿ ಮಾಡಿದ್ದರು. ಗಂಧದ ನಾಡಿನ ಈ ಕಂಪನಿ ಇವತ್ತು ಕೇರಳದ ಮರಯೂರಿನ ಹರಾಜಿನಲ್ಲಿ ಕೂತು ಮರ ಕೊಳ್ಳುತ್ತದೆ.

ರೈತರಿಂದ ಗಂಧ ಬೆಳೆಸಿ ಕೊಳ್ಳುವ ಯೋಜನೆ ಕಂಪನಿಯಲ್ಲೇ ಇದೆ. ಅದನ್ನೇ ದೊಡ್ಡದು ಮಾಡಬೇಕು. ನಮ್ಮ ಚಿಕ್ಕಮಾವನವರ ತೆಂಗಿನ ತೋಟದ ಬದುವಿನಲ್ಲಿ ಗಂಧದ ಮರಗಳಿವೆ. ಅವರಿಗೆ ಬೆಲೆಯ ಚಿಂತೆ ಇಲ್ಲ, ರಾತ್ರಿಯ ಚಿಂತೆ. ತಂತಿಬೇಲಿ ಹಾಕಿದ್ದಾರೆ, ನಾಯಿ ಸಾಕಿದ್ದಾರೆ, ಮದುವೆಗೆ ಹೋದರೂ ರಾತ್ರಿ ಉಳಿಯುವುದಿಲ್ಲ. ಇಂಥವರಿಗೆ ಮರದ ವಿಮೆ, ಕಾವಲಿಗೆ ಸಹಾಯ, ಕಡಿಯುವ ಪರವಾನಗಿಗೆ ಒಂದೇ ಕಚೇರಿ, ಇಷ್ಟು ಆದರೆ ಸಾಕು, ಊರೂರಲ್ಲಿ ನೆಡುತ್ತಾರೆ. ರಾಯಭಾರಿಯ ಒಪ್ಪಂದ ಎರಡು ವರ್ಷಕ್ಕೆ ಮುಗಿಯುತ್ತದೆ. ಇವತ್ತು ನೆಟ್ಟ ಸಸಿಯಿಂದ 2045ರಲ್ಲಿ ಎಣ್ಣೆ ಬರುತ್ತದೆ.

ಕೊಳ್ಳುವವರಿಗೆ ಎರಡು ಮಾತು. ಮನೆ ಬಳಕೆಗೆ ಮಾಮೂಲಿ ಸೋಪೇ ಸಾಕು, ಇದರದ್ದೇ ದುಬಾರಿ ಬಗೆಯಾದ ಗೋಲ್ಡ್ ಉಡುಗೊರೆಗೆ ಚೆನ್ನ. ನೀರು ನಿಲ್ಲದ, ತೂತಿರುವ ಸೋಪ್ ಡಬ್ಬಿಯಲ್ಲಿಡಿ, ಎಷ್ಟೋ ದಿನ ಜಾಸ್ತಿ ಬರುತ್ತದೆ. ತುಂಬಾ ಕಮ್ಮಿ ಬೆಲೆಗೆ ಯಾರಾದರೂ ಕೊಟ್ಟರೆ ಬಿಲ್ ಕೇಳಿ, ಶರಭದ ಸೊಂಡಿಲು ನೋಡಿ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಉಳಿದ ಅರ್ಧ ಗಂಧದ ಸಸಿಗಳಿಗೆ.