ಕೈತೋಟದ ಕೃತಕ ಹುಲ್ಲು: ಒಂದು ಮಳೆಗಾಲ ಕಳೆದ ಮೇಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಮುಂದಿನ ಸುಮಾರು 200 ಚದರಡಿಯ ಕೈತೋಟಕ್ಕೆ, 35 ಮಿಲಿಮೀಟರ್ ಎತ್ತರದ ಎಳೆಗಳಿರುವ ಕೃತಕ ಹುಲ್ಲನ್ನು ಮಂಗಳೂರಿನ ಅಂಗಡಿಯೊಂದರಿಂದ ತಂದು, ಕೂಲಿಯವರನ್ನು ಕರೆಯದೆ ನಾವೇ ಹಾಸಿದೆವು. ಹಾಸುವುದು ಅರ್ಧ ದಿನದ ಕೆಲಸ. ನೆಲ ಸಿದ್ಧಪಡಿಸಲು ಮಾತ್ರ ಮೂರು ದಿನ ಹಿಡಿಯಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ ಹುಲ್ಲಿನ ಗುಣಮಟ್ಟಕ್ಕಿಂತ ಅದರಡಿಯ ನೀರು ಹರಿದುಹೋಗುವ ದಾರಿಯೇ ಮುಖ್ಯವಾದ್ದರಿಂದ, ನಾಲ್ಕು ಇಂಚು ಮಣ್ಣು ತೆಗೆದು, ತೋಡಿನ ಕಡೆಗೆ ಇಳಿಜಾರು ಕೊಟ್ಟು, ಸಣ್ಣ ಜಲ್ಲಿಯನ್ನೂ ಅದರ ಮೇಲೆ ಜಲ್ಲಿಪುಡಿಯನ್ನೂ ಹರಡಿ ಗಟ್ಟಿಯಾಗಿ ಬಡಿದು, ಕಳೆ ತಡೆಯುವ ಬಟ್ಟೆಯನ್ನು ಹಾಸಿದೆವು. ಅಂಚಿಗೆ ಮನೆ ಕಟ್ಟುವಾಗ ಉಳಿದಿದ್ದ ಕೆಂಪುಕಲ್ಲುಗಳು ಸಾಕಾದವು.

ಜೂನ್, ಜುಲೈ ತಿಂಗಳ ಮಳೆಯಲ್ಲಿ ನೀರು ಎಲ್ಲಿಯೂ ನಿಲ್ಲಲಿಲ್ಲ, ಹುಲ್ಲಿನ ಎರಡು ಸುರುಳಿಗಳನ್ನು ಅಂಟಿಸಿದ ಜೋಡಣೆಯೂ ಬಿಡಲಿಲ್ಲ. ಆದರೆ ಎರಡು ಸುರುಳಿಗಳ ಎಳೆಗಳು ಒಂದೇ ದಿಕ್ಕಿಗೆ ಬಾಗಿರಬೇಕೆಂಬುದನ್ನು ಮಾರಿದವರು ಹೇಳಲಿಲ್ಲ, ನಾವೂ ಗಮನಿಸಲಿಲ್ಲ. ಹಾಗಾಗಿ ಅರ್ಧ ಅಂಗಳ ಗಾಢ ಹಸಿರಾಗಿಯೂ ಇನ್ನರ್ಧ ತುಸು ಮಾಸಿದಂತೆಯೂ ಕಾಣುತ್ತದೆ. ನೆರಳಿರುವ ಮೂಲೆಯಲ್ಲಿ ಪಾಚಿ ಕಟ್ಟಿತು, ಅದನ್ನು ಗಡಸು ಪೊರಕೆಯಿಂದ ಉಜ್ಜಿ ತೆಗೆದೆವು. ಬಿಸಿಲಿನ ವಿಷಯದಲ್ಲಿ ನನಗೆ ನಿಜವಾದ ಅಸಮಾಧಾನವಿದೆ: ಮಾರ್ಚ್ ತಿಂಗಳ ಮಧ್ಯಾಹ್ನ ಪ್ಲಾಸ್ಟಿಕ್ ಎಳೆಗಳು ಬರಿಗಾಲಿಡಲಾಗದಷ್ಟು ಕಾಯುತ್ತವೆ, ನೀರು ಚಿಮುಕಿಸಿದರೂ ಆ ತಂಪು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಕ್ಕಳು ಆಡುವುದು ಸಂಜೆ ಐದರ ನಂತರವೇ.