ಸೆರೆಂಗೆಟಿಯೋ, ಕ್ರೂಗರೋ?

ಮೊದಲ ಸಲ ಆಫ್ರಿಕಾ ಸಫಾರಿಗೆ ಹೊರಟವರಿಗೆ ಈ ಎರಡು ರಾಷ್ಟ್ರೀಯ ಉದ್ಯಾನಗಳ ಹೆಸರಲ್ಲೇ ಗೊಂದಲ ಜಾಸ್ತಿ.

ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ನಿಮ್ಮ ಕಾರನ್ನು ನೀವೇ ಓಡಿಸಬಹುದು. ನಮ್ಮ ಬಂಡೀಪುರದ ಸಫಾರಿಯಲ್ಲಿ ಇದು ಸಾಧ್ಯವೇ ಇಲ್ಲ, ಅಲ್ವಾ? ಡಾಂಬರು ರಸ್ತೆ, ಬೇಲಿ ಹಾಕಿದ ಕ್ಯಾಂಪುಗಳು, ಅಲ್ಲೇ ಅಡುಗೆ ಮಾಡಿಕೊಳ್ಳುವ ಸೌಕರ್ಯ. ಗಾಡಿ ಓಡುವುದೂ ನಮ್ಮಂತೆ ಎಡಗಡೆಯೇ. ಜೊಹಾನ್ಸ್‌ಬರ್ಗ್‌ನಿಂದ ದಕ್ಷಿಣದ ಗೇಟುಗಳಿಗೆ ಸುಮಾರು ಐದು ಗಂಟೆ. ಆದರೆ ಡಾಂಬರಿನ ಮೇಲೂ 50 ಕಿ.ಮೀ. ವೇಗ ಮೀರುವಂತಿಲ್ಲ. ಕತ್ತಲಾಗುವ ಮೊದಲು ಕ್ಯಾಂಪಿನ ಗೇಟು ಮುಚ್ಚುತ್ತದೆ, ತಡವಾದರೆ ದಂಡ. ಮೇಯಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಒಣಗಿ, ಪ್ರಾಣಿಗಳು ನೀರಿನ ಹತ್ತಿರ ಸೇರುತ್ತವೆ. ಹುಡುಕುವುದು ಸುಲಭ.

ಟಾಂಜಾನಿಯಾದ ಸೆರೆಂಗೆಟಿಯ ಕತೆಯೇ ಬೇರೆ. ಕಣ್ಣು ಹಾಯುವಷ್ಟೂ ಬಯಲು. ಹತ್ತು ಲಕ್ಷಕ್ಕೂ ಹೆಚ್ಚು ವಿಲ್ಡೆಬೀಸ್ಟ್‌ಗಳು (ದನದಂತೆ ಕಾಣುವ ದೊಡ್ಡ ಹುಲ್ಲೆಗಳು) ಮಳೆಯ ಹಿಂದೆ ವರ್ಷವಿಡೀ ಸುತ್ತುತ್ತಲೇ ಇರುತ್ತವೆ. ಫೆಬ್ರವರಿಯ ಆಸುಪಾಸು ದಕ್ಷಿಣದ ಬಯಲಲ್ಲಿ ಮರಿ ಹಾಕುತ್ತವೆ. ಜುಲೈ ಕೊನೆಯಿಂದ ಉತ್ತರದಲ್ಲಿ, ಮೊಸಳೆಗಳಿರುವ ಮಾರಾ ನದಿ ದಾಟುತ್ತವೆ. ಹಾಗಂತ ಹೋದ ದಿನವೇ ದಾಟುತ್ತವೆ ಎಂದು ಯಾರಾದರೂ ಮಾತು ಕೊಟ್ಟರೆ ಸುಮ್ನೆ ನಂಬಬೇಡಿ. ಇಲ್ಲಿ ಸಾಮಾನ್ಯವಾಗಿ ಗೈಡ್ ಸಹಿತ ಜೀಪು, ದುಬಾರಿ ಶುಲ್ಕ. ಸಫಾರಿಗಳು ಹೊರಡುವ ಅರೂಷಾ ಊರಿನಿಂದ ರಸ್ತೆಯಲ್ಲಿ ಹೋದರೆ ಇಡೀ ದಿನ, ಮೈಕೈ ನೋವು ಉಚಿತ.

ಮಲೇರಿಯಾ ಮಾತ್ರೆಯ ಬಗ್ಗೆ ಎರಡಕ್ಕೂ ಡಾಕ್ಟರನ್ನು ಕೇಳಿ. ಮಕ್ಕಳು, ಬಿಗಿ ಬಜೆಟ್ ಇದ್ದರೆ ನಾನು ಕ್ರೂಗರ್ ಅನ್ನುತ್ತೇನೆ. ಆ ಹಿಂಡನ್ನು ಒಮ್ಮೆ ನೋಡಲೇಬೇಕು ಅನ್ನುವವರು ಇನ್ನೊಂದು ವರ್ಷ ದುಡ್ಡು ಕೂಡಿಟ್ಟು ಸೆರೆಂಗೆಟಿಗೇ ಹೋಗಿ.