ಸರ್ವಿಸ್ ಡೆಸ್ಕ್ ಲೈಸೆನ್ಸ್: ಯಾರಿಗೆ ಬೇಕು, ಯಾರಿಗೆ ಬೇಡ

ಸರ್ವಿಸ್ ಡೆಸ್ಕ್ ಸಾಫ್ಟ್‌ವೇರ್ ಅಂದರೆ ಕೆಲಸದವರ ದೂರು, ಬೇಡಿಕೆಗಳನ್ನು ಒಂದೊಂದು ಟಿಕೆಟ್ ಆಗಿ ಬರೆದುಕೊಂಡು ಮುಗಿಸುವ ವ್ಯವಸ್ಥೆ. ಅದನ್ನು ತಗೊಳ್ಳುವಾಗ ಎಲ್ಲರೂ ಕೇಳುವುದು ತಲೆಗೆ ಎಷ್ಟು ಅಂತ. ಯಾರ ತಲೆಯನ್ನೆಲ್ಲ ಲೆಕ್ಕ ಹಾಕ್ತಾರೆ ಅಂತ ಮೊದಲು ಕೇಳಬೇಕು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನಮ್ಮ ಫ್ಯಾಕ್ಟರಿ, ಮಂಡ್ಯದ ಗೋಡೌನ್ ಎರಡಕ್ಕೂ ಒಂದು ಬೇಕಿತ್ತು. ಅದಕ್ಕೇ ಟ್ರಯಲ್ ಹಾಕಿಕೊಂಡು ನಾಲ್ಕನ್ನು ನೋಡಿದೆ.

ನಮ್ಮಲ್ಲಿ ಜನ ಮೂರು ಥರ. ಇಡೀ ದಿನ ಟಿಕೆಟ್ ನೋಡುವ ಐಟಿ ಹುಡುಗರು. ಹೊಸ ಲ್ಯಾಪ್‌ಟಾಪಿಗೆ ಒಪ್ಪಿಗೆ ಕೊಡುವ ಮ್ಯಾನೇಜರುಗಳು. ಆಮೇಲೆ ಮಂಡ್ಯದ ಎಲೆಕ್ಟ್ರಿಷಿಯನ್ ಥರದವರು, ಯಾವಾಗಲೋ ಯುಪಿಎಸ್ ಕೆಟ್ಟಾಗ ರಿಪೇರಿ ಮಾಡಿ ಟಿಕೆಟ್ ಕ್ಲೋಸ್ ಮಾಡುವವರು. ಬಿಲ್ ಏರುವುದು ಇವರ ದೆಸೆಯಿಂದಲೇ.

ಮ್ಯಾನೇಜರುಗಳ ಚಿಂತೆ ಬೇಡ. ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್, ಫ್ರೆಶ್‌ಸರ್ವಿಸ್, ಸರ್ವಿಸ್‌ಡೆಸ್ಕ್ ಪ್ಲಸ್ ಮೂರರಲ್ಲೂ ಟಿಕೆಟ್ ಹಾಕುವವರಿಗಾಗಿ ದುಡ್ಡು ಕೊಡಬೇಕಿಲ್ಲ, ಅಪ್ರೂವಲ್ ಕೊಡುವವರಿಗೂ ಏಜೆಂಟ್ (ಅಂದರೆ ಟಿಕೆಟ್ ಮುಗಿಸುವವರ) ಲೈಸೆನ್ಸ್ ಬೇಕಿಲ್ಲ. ಆದರೂ ಒಬ್ಬ ಡೀಲರ್ ಕೊಟ್ಟ ಕೊಟೇಶನ್‌ನಲ್ಲಿ ಅವರನ್ನೂ ಸೇರಿಸಿದ್ದರು. ಕೇಳಿದ ಮೇಲೆ ತೆಗೆದರು. ಕೊಟೇಶನ್‌ನಲ್ಲಿ ಎಷ್ಟು ಜನ ಅಂತ ಬರೆದ ಸಾಲನ್ನು ದಯವಿಟ್ಟು ಬೆರಳಿಟ್ಟು ಓದಿ.

ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್‌ನಲ್ಲಿ 3 ಏಜೆಂಟ್‌ವರೆಗೆ ಫ್ರೀ ಪ್ಲಾನ್ ಇದೆ. ಅದೇ ಕಂಪನಿಯ ಜಿರಾ (ಸಾಫ್ಟ್‌ವೇರ್ ಮಾಡುವವರು ಕೆಲಸದ ಲೆಕ್ಕ ಇಡುವ ಟೂಲ್) ಲೈಸೆನ್ಸ್ ಆಗಲೇ ಇರುವ ಡೆವಲಪರ್‌ಗಳು ಏಜೆಂಟ್ ಆಗದೆಯೂ ಟಿಕೆಟ್ ನೋಡಿ, ತಂಡದವರಿಗೆ ಮಾತ್ರ ಕಾಣುವ ಕಾಮೆಂಟ್ ಹಾಕಬಹುದು. ಟಿಕೆಟ್ ಹಾಕಿದವರಿಗೆ ಉತ್ತರ ಬರೆಯಲು ಮಾತ್ರ ಏಜೆಂಟೇ ಆಗಬೇಕು. ಸಾಫ್ಟ್‌ವೇರ್ ಕಂಪನಿಗೆ ಇದು ತುಂಬಾ ಅನುಕೂಲ, ನಮ್ಮ ಎಲೆಕ್ಟ್ರಿಷಿಯನ್‌ಗೆ ಏನೂ ಉಪಯೋಗವಿಲ್ಲ.

ಸರ್ವಿಸ್‌ಡೆಸ್ಕ್ ಪ್ಲಸ್‌ನಲ್ಲಿ ಜನರ ಲೆಕ್ಕ ಸೀದಾ. ಟೆಕ್ನಿಷಿಯನ್ (ಏಜೆಂಟ್‌ಗೆ ಅಲ್ಲಿ ಇದೇ ಹೆಸರು) ಎಷ್ಟು ಜನವೋ ಅಷ್ಟು ಲೈಸೆನ್ಸ್.

ಫ್ರೆಶ್‌ಸರ್ವಿಸ್‌ನಲ್ಲಿ ಅಪರೂಪಕ್ಕೆ ಬರುವ ಏಜೆಂಟ್‌ಗೆ ಡೇ ಪಾಸ್, ಅಂದರೆ ಒಂದು ದಿನದ ಲೈಸೆನ್ಸ್ ಇದೆ. ಲಾಗಿನ್ ಆದರೆ ಒಂದು ಪಾಸ್ ಖರ್ಚು, ಅವತ್ತು ಒಂದು ಟಿಕೆಟ್ ಮುಗಿಸಿದರೂ ಅಷ್ಟೇ, ಹತ್ತು ಮುಗಿಸಿದರೂ ಅಷ್ಟೇ. ಹಾಗಾಗಿ ಅರ್ಜೆಂಟ್ ಇಲ್ಲದ ಕೆಲಸಗಳನ್ನೆಲ್ಲ ಒಂದೇ ದಿನಕ್ಕೆ ಕೂಡಿಸಿಟ್ಟು, ವಿವರವನ್ನು ಇಮೇಲ್‌ನಲ್ಲಿ ಕಳಿಸಿ, ಕ್ಲೋಸ್ ಮಾಡುವಾಗ ಮಾತ್ರ ಲಾಗಿನ್ ಆಗಿ ಅಂದರೆ ದುಡ್ಡು ನಿಜವಾಗಿ ಉಳಿಯುತ್ತದೆ. ಸುಮ್ನೆ ಇಣುಕಲು ಲಾಗಿನ್ ಆದರೂ ಪಾಸ್ ಹೋಗುತ್ತದೆ, ಅದನ್ನು ಅವರಿಗೆ ಮೊದಲೇ ಹೇಳಿಬಿಡಿ. ಫುಲ್ ಲೈಸೆನ್ಸಿನ ತಿಂಗಳ ರೇಟನ್ನು ಪಾಸಿನ ರೇಟಿನಿಂದ ಭಾಗಿಸಿ ನೋಡಿ. ತಿಂಗಳಿಗೆ ಅದಕ್ಕಿಂತ ಜಾಸ್ತಿ ದಿನ ಬರುವವರಿಗೆ ಫುಲ್ ಲೈಸೆನ್ಸೇ ಅಗ್ಗ.

ನಾಲ್ಕನೆಯದು ಜಿಎಲ್‌ಪಿಐ, ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಫ್ರೀಯಾಗಿ ಹಾಕಿಕೊಳ್ಳಬಹುದಾದ ಸಾಫ್ಟ್‌ವೇರ್. ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡರೆ ತಲೆ ಲೆಕ್ಕವೇ ಇಲ್ಲ. ಟೆಕ್ನಿಷಿಯನ್, ಅಬ್ಸರ್ವರ್ ಅಂತ ಪ್ರೊಫೈಲ್‌ಗಳು ರೆಡಿ ಇವೆ, ಯಾರಿಗೆ ಯಾವುದನ್ನು ಕೊಟ್ಟರೂ ಬಿಲ್ ಬದಲಾಗುವುದಿಲ್ಲ. ಆದರೆ ಬ್ಯಾಕಪ್, ಅಪ್‌ಗ್ರೇಡ್ ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು. ನಮ್ಮಲ್ಲಿ ಅಷ್ಟು ಜನ ಇಲ್ಲ.

ಇನ್ನೊಂದು ಮಾತು. ಮೂರು ಶಿಫ್ಟಿಗೂ ಒಂದೇ ಲಾಗಿನ್ ಕೊಟ್ಟು ಉಳಿಸೋಣ ಅಂತ ಯಾರಾದರೂ ಹೇಳೇ ಹೇಳ್ತಾರೆ. ಬೇಡ. ಹೆಸರಿನ ಮೇಲೆ ಕೊಡುವ ಲೈಸೆನ್ಸನ್ನು ಹಂಚಿಕೊಳ್ಳುವ ಹಾಗಿಲ್ಲ, ಜೊತೆಗೆ ನೈಟ್ ಶಿಫ್ಟಿನಲ್ಲಿ ನೆಟ್‌ವರ್ಕ್ ಸ್ವಿಚ್ ರೀಸ್ಟಾರ್ಟ್ ಮಾಡಿದ್ದು ಯಾರು ಅಂತ ಬೆಳಿಗ್ಗೆ ಗೊತ್ತಾಗುವುದಿಲ್ಲ, ಅಲ್ವಾ? ಒಂದೇ ಹೊತ್ತಿಗೆ ಎಷ್ಟು ಜನ ಲಾಗಿನ್ ಇರುತ್ತಾರೋ ಅಷ್ಟಕ್ಕೇ ದುಡ್ಡು ತಗೊಳ್ಳುವ ಲೈಸೆನ್ಸ್ ಇದೆಯಾ ಅಂತ ಕೇಳಿ. ಶಿಫ್ಟ್ ಇರುವ ಕಡೆ ಅದು ಲಾಭ.

ನಾವು ಫ್ರೆಶ್‌ಸರ್ವಿಸ್ ಆರಿಸಿಕೊಂಡೆವು. ಐಟಿಯವರಿಗೆ ಫುಲ್ ಲೈಸೆನ್ಸ್, ಮಂಡ್ಯದವರಿಗೆ ಡೇ ಪಾಸ್.